ಗಡಿಯಾರದ ಕೆಳಗಿನ ಬೆಂಚು

ರಾಂತಲನ ವಿಷಯದಲ್ಲಿ ನನಗೂ ವೆಂಡೆಲ್‌ಗೂ ಜಗಳ ಶುರುವಾದದ್ದು ಹೆದ್ದಾರಿಯ ಒಂದು ಪೆಟ್ರೋಲ್ ಬಂಕಿನಲ್ಲಿ, ನವೆಂಬರಿನ ಒಂದು ಶನಿವಾರ ಬೆಳಿಗ್ಗೆ. ಹೊರಗೆ ಹಿಮ ಬೀಳುತ್ತಿತ್ತು. ಒಳಗೆ ಅವನು ನಿಂತುಕೊಂಡೇ ಸಾಸೇಜಿನ ಬನ್ನು ತಿನ್ನುತ್ತಿದ್ದ. ನಾನು ಹಿಂದಿನ ಸಂಜೆ ಟಾಮರಾಕ್ ಕಾಲೇಜಿನ ಐಸ್ ಹಾಕಿ ಪಂದ್ಯ ನೋಡಿ ಬಂದಿದ್ದೆ. ಅಲ್ಲಿ ಟೋಯ್ವೊ ರಾಂತಲ ಅಂತ ಒಬ್ಬ ಡಿಫೆಂಡರ್ ಇದ್ದಾನೆ, ಪಕ್ ಅನ್ನುವ ಆ ರಬ್ಬರ್ ಬಿಲ್ಲೆ ಸಿಕ್ಕರೆ ಸಾಕು ಹಗ್ಗ ಬಿಚ್ಚಿದ ಕರುವಿನ ಹಾಗೆ ಮುಂದಕ್ಕೆ ನುಗ್ಗುತ್ತಾನೆ, ಇಂಥ ಧೈರ್ಯ ನೋಡಿ ಎಷ್ಟು ಕಾಲವಾಯಿತೋ ಎಂದೆ. ವೆಂಡೆಲ್ ಅಗಿಯುವುದನ್ನು ನಿಲ್ಲಿಸಿ ನನ್ನ ಮುಖ ನೋಡಿದ. ಅವನೂ ಈಚೆಗೆ ಅದೇ ಹುಡುಗನನ್ನು ನೋಡಿದ್ದನಂತೆ. ಅವನ ಪ್ರಕಾರ ರಾಂತಲ ತನ್ನ ಗೋಲಿನ ಮುಂದೆ ಗೂಟ ಹೊಡೆದ ಹಾಗೆ ನಿಲ್ಲುವವನು, ಮಧ್ಯಗೆರೆ ದಾಟಲು ಹೆದರುವ ಪುಕ್ಕಲ.

"ನೀನು ಬೇರೆ ಯಾರನ್ನೋ ನೋಡಿದೀಯ ಕಣಮ್ಮ," ಎಂದ ವೆಂಡೆಲ್.

ನನಗೆ ಸುರ್ರೆಂದು ಸಿಟ್ಟು ಬಂತು. ನನಗೆ ಸಿಟ್ಟು ಬರಲು ದೊಡ್ಡ ಕಾರಣವೇನೂ ಬೇಕಿಲ್ಲ, ನಿಜ. ಆದರೆ ಇದು ನನ್ನ ಕಸುಬಿಗೇ ಕೈ ಹಾಕುವ ಮಾತಾಗಿತ್ತು. ನಾನೂ ಅವನೂ ಒಂದು ಕಾಲಕ್ಕೆ ಈ ಆಟ ಆಡಿದವರು, ಈಗ ಒಂದೇ ಕ್ಲಬ್ಬಿನ ಸ್ಕೌಟ್‌ಗಳು. ಕಾಲೇಜು ಹುಡುಗರು ಐಸ್ ಹಾಕಿ ಆಡುವುದನ್ನು ಊರೂರು ತಿರುಗಿ ನೋಡುವುದು, ಇವನಿಗೆ ಈ ಆಟದಲ್ಲಿ ಅನ್ನ ಹುಟ್ಟುತ್ತದೆ, ಇವನಿಗೆ ಹುಟ್ಟುವುದಿಲ್ಲ ಎಂದು ಕ್ಲಬ್ಬಿಗೆ ಹೇಳುವುದು, ಇಷ್ಟೇ ನಮ್ಮ ಕೆಲಸ. ಆ ಹುಡುಗರ ಮುಖ ನಮಗೆ ಕಾಣುವುದೇ ಇಲ್ಲ. ಹೆಲ್ಮೆಟ್ಟಿನ ಜಾಲರಿ ಗಲ್ಲದ ತನಕ ಮುಚ್ಚಿರುತ್ತದೆ. ನಾವು ಗುರುತು ಹಿಡಿಯುವುದು ಕಾಲಿನಿಂದ, ಬೆನ್ನಿನಿಂದ. ರಾಂತಲ ತಿರುಗುವಾಗ ಎಡಭುಜ ಸ್ವಲ್ಪ ತಗ್ಗುತ್ತದೆ. ಅದನ್ನು ನಾನೂ ಹೇಳಿದೆ, ವೆಂಡೆಲ್ಲೂ ಹೇಳಿದ. ಹುಡುಗ ಒಬ್ಬನೇ ಎಂಬುದರಲ್ಲಿ ಅನುಮಾನ ಉಳಿಯಲಿಲ್ಲ. ಅನುಮಾನವೆಲ್ಲ ಒಬ್ಬರ ಕಣ್ಣಿನ ಮೇಲೆ ಇನ್ನೊಬ್ಬರಿಗೆ.

ಚಳಿಗಾಲ ಪೂರ್ತಿ ಇದೇ ಕಥೆ. ಕಾಲೇಜು ಪಂದ್ಯವೆಂದರೆ ಶುಕ್ರವಾರ ಒಂದು, ಶನಿವಾರ ಒಂದು, ಅವೇ ಎರಡು ತಂಡ, ಅದೇ ರಿಂಕ್, ಅಂದರೆ ಅದೇ ಮಂಜಿನ ಅಂಗಳ. ಒಂದು ಊರಿಗೆ ಇಬ್ಬರನ್ನು ಕಳಿಸಿ ಪೆಟ್ರೋಲ್ ಸುಡುವಷ್ಟು ನಮ್ಮ ಕ್ಲಬ್ಬಿನ ಕೈ ದೊಡ್ಡದಲ್ಲ. ಶುಕ್ರವಾರ ನಾನು ಮಿನೆಸೋಟದ ಈ ಕಡೆ ನೋಡುತ್ತೇನೆ, ವೆಂಡೆಲ್ ಡಕೋಟಾ ಕಡೆ. ಶನಿವಾರ ಬೆಳಿಗ್ಗೆ ಅದಲು ಬದಲು. ನಡುದಾರಿಯ ಆ ಬಂಕಿನಲ್ಲಿ ಇಬ್ಬರೂ ಗಾಡಿ ನಿಲ್ಲಿಸಿ ಕಾಫಿ ಎಂಬ ಹೆಸರಿನ ಕರಿನೀರು ಕುಡಿಯುತ್ತೇವೆ, ಬೈದಾಡುತ್ತೇವೆ, ಎದುರು ದಿಕ್ಕಿಗೆ ಹೋಗುತ್ತೇವೆ. ಈ ಏರ್ಪಾಡಿನಲ್ಲಿ ಏನಾದರೂ ಐಬು ಇರಬಹುದು ಎಂದು ನಮ್ಮಲ್ಲಿ ಯಾರಿಗೂ ಹೊಳೆದಿರಲಿಲ್ಲ. ಮೊದಲಿನಿಂದ ನಡೆದು ಬಂದದ್ದು, ಹಾಗೇ ನಡೆಯುತ್ತಿತ್ತು.

ಫೆಬ್ರವರಿ ಮುಗಿಯುವ ಹೊತ್ತಿಗೆ ನಮ್ಮ ಮೇಲಿನವನಾದ ಪ್ರೂಯಿಟ್‌ಗೆ ತಲೆ ಚಿಟ್ಟು ಹಿಡಿದಿತ್ತು. ಕ್ಲಬ್ಬಿನಲ್ಲಿ ಒಬ್ಬ ಹೊಸ ಡಿಫೆಂಡರ್‌ಗೆ ಮಾತ್ರ ಜಾಗವಿತ್ತು. ರಾಂತಲನಿಗೆ ಕಾಲೇಜಿನ ಕೊನೆಯ ವರ್ಷ. ಬೇರೆ ಕ್ಲಬ್ಬಿನವರು ಟಾಮರಾಕಿನಂಥ ಮೂಲೆಗೆ ಬರುವುದೇ ಅಪರೂಪ. ನಾವು ಕರೆದರೆ ಅವನು ಆಟಗಾರ, ಕರೆಯದಿದ್ದರೆ ಚಿಕ್ಕಪ್ಪನ ಬೋರ್‌ವೆಲ್ ಲಾರಿಯಲ್ಲಿ ಪೈಪು ಇಳಿಸುವವನು. ಇದು ನನಗೆ ಗೊತ್ತಿತ್ತು, ಅವನಿಗಂತೂ ಇನ್ನೂ ಚೆನ್ನಾಗಿ ಗೊತ್ತಿದ್ದಿರಬೇಕು. ಪ್ರೂಯಿಟ್ ಫೋನಿನಲ್ಲಿ ಇಬ್ಬರಿಗೂ ಒಂದೇ ಮಾತು ಹೇಳಿದ. ಮಾರ್ಚಿನ ಸರಣಿಗೆ ಇಬ್ಬರೂ ಟಾಮರಾಕಿಗೆ ಹೋಗಬೇಕು, ಒಂದೇ ಬೆಂಚಿನಲ್ಲಿ ಕೂರಬೇಕು, ಬೇಕು ಅಥವಾ ಬೇಡ ಎಂಬ ಒಂದೇ ಮಾತಿನೊಂದಿಗೆ ವಾಪಸು ಬರಬೇಕು. ಸರಣಿ ಎಂದರೆ ಮೂರು ಪಂದ್ಯ. ಎರಡು ಗೆದ್ದವರು ಮುಂದಕ್ಕೆ, ಸೋತವರು ಮನೆಗೆ.

ಟಾಮರಾಕಿನ ರಿಂಕು ಹಳೆಯದು. ಸ್ಕೌಟ್‌ಗಳಿಗೆ ಅಲ್ಲಿ ಒಂದು ಮರದ ಬೆಂಚು, ದೊಡ್ಡ ಗಡಿಯಾರದ ಸರಿ ಕೆಳಗೆ. ಆಟಗಾರರು ಹೊತ್ತು ನೋಡಲು ತಲೆ ಎತ್ತಿದರೆ ನಾವೇ ಕಾಣಬೇಕು. ನಾನು ಎಂದಿನ ಕಿತ್ತಳೆ ಬಣ್ಣದ ಬೇಟೆ ಟೋಪಿ ಹಾಕಿಕೊಂಡು ಕೂತೆ, ವೆಂಡೆಲ್ ತನ್ನ ಕಂದು ಬಣ್ಣದ ಉದ್ದ ಕೋಟಿನಲ್ಲಿ ಕೂತ. ನನಗೆ ಒಳಗೊಳಗೆ ಮಜವಾಗಿತ್ತು. ಇವತ್ತು ಇವನ ಮುಖಕ್ಕೆ ಮಸಿ ಎಂದುಕೊಂಡಿದ್ದೆ.

ಹಾಗೇ ಆಯಿತು. ಶುಕ್ರವಾರ ರಾಂತಲ ನನ್ನ ರಾಂತಲನೇ. ತನ್ನ ಗೋಲಿನ ಹಿಂದಿನಿಂದ ಪಕ್ ಎತ್ತಿಕೊಂಡು ಒಬ್ಬೊಬ್ಬರನ್ನೇ ದಾಟಿ ಎದುರಿನವರ ಗೋಲಿನ ತನಕ ಹೋದ. ಒಂದು ಗೋಲು ಹೊಡೆದ, ಇನ್ನೊಂದು ಹೊಡೆಸಿದ. ಸ್ಕೌಟ್ ಆದವನು ಚಪ್ಪಾಳೆ ತಟ್ಟುವುದು ನಮ್ಮಲ್ಲಿ ಮಹಾಪಾಪ. ವೆಂಡೆಲ್‌ನ ಎರಡೂ ಕೈ ಮೇಲೆ ಬಂದವು. ತಟ್ಟುವ ಮೊದಲೇ ಅವನ್ನು ಕೋಟಿನ ಜೇಬಿಗೆ ತುರುಕಿದ. ನಾನು ಕೆಣಕಲು ಹೋಗಲಿಲ್ಲ, ಸುಮ್ಮನೆ ಇರುವುದರಲ್ಲೇ ಹೆಚ್ಚು ಸುಖವಿತ್ತು.

ಶನಿವಾರ ಆ ಸುಖವೆಲ್ಲ ಇಳಿದುಹೋಯಿತು. ಅದೇ ಹುಡುಗ, ಅದೇ ತಗ್ಗುವ ಎಡಭುಜ. ಆದರೆ ಮಧ್ಯಗೆರೆಯ ಹತ್ತಿರ ಬಂದರೆ ಸಾಕು, ಅಲ್ಲಿ ಹೊಂಡ ಇದೆಯೇನೋ ಎಂಬಂತೆ ಪಕ್ ಅನ್ನು ಬೇರೆಯವರಿಗೆ ಕೊಟ್ಟು ಹಿಂದಕ್ಕೆ ಹೋಗುತ್ತಿದ್ದ. ತಪ್ಪು ಒಂದೂ ಮಾಡಲಿಲ್ಲ. ನೋಡುವುದಕ್ಕೂ ಏನೂ ಇರಲಿಲ್ಲ. ಟಾಮರಾಕ್ ಸೋತಿತು, ಸರಣಿ ಸಮ ಆಯಿತು. ನಾನು ವೆಂಡೆಲ್ ಕಡೆ ನೋಡಲಿಲ್ಲ, ಅವನು ನನ್ನ ಕಡೆ ನೋಡಿದ.

"ನಾಲ್ಕು ತಿಂಗಳಿಂದ ನಾನು ಇವನನ್ನೇ ನೋಡ್ತಿರೋದು ಕಣಮ್ಮ. ನಿನ್ನೆ ಆಡಿದ್ನಲ್ಲ, ಅವನ್ಯಾರು?" ಎಂದ.

ಶುಕ್ರವಾರ ಶನಿವಾರಗಳ ವಿಷಯ ಆಗ ನಮ್ಮ ತಲೆಗೆ ಹೋಯಿತು. ನಾನು ಟಾಮರಾಕಿಗೆ ಬಂದದ್ದೆಲ್ಲ ಶುಕ್ರವಾರ, ಅವನು ಬಂದದ್ದೆಲ್ಲ ಶನಿವಾರ. ಇಷ್ಟು ದಿನ ಒಬ್ಬರನ್ನೊಬ್ಬರು ಕುರುಡರೆಂದು ಬೈದುಕೊಂಡದ್ದು ದಂಡ. ಆದರೆ ಗೊತ್ತಾದ ಮೇಲೆ ಗೊಂದಲ ಕಡಿಮೆಯಾಗುವ ಬದಲು ದುಪ್ಪಟ್ಟಾಯಿತು. ಶನಿವಾರ ಈ ಹುಡುಗನಿಗೆ ಏನು ದೊಡ್ಡರೋಗ? ಸುಸ್ತೇ? ಸುಸ್ತಾದವನು ಹಾಗೆ ಒಂದೂ ತಪ್ಪಿಲ್ಲದೆ ಆಡಲಾರ. ಶುಕ್ರವಾರ ಗೆದ್ದ ಖುಷಿಗೆ ಕುಡಿಯುತ್ತಾನೆಯೇ? ಸೋತ ವಾರವೂ ಹೀಗೇ. ಕೋಚ್‌ನನ್ನು ಹಿಡಿದು ಕೇಳಿದೆ. ಅವನು ಹೆಮ್ಮೆಯಿಂದ, ರಾಂತಲನಿಗೆ ಆಟದ ಬುದ್ಧಿ ಜಾಸ್ತಿ, ಮೊದಲ ದಿನ ಹೊಡೆದು ಎರಡನೇ ದಿನ ಕಾಯುತ್ತಾನೆ, ಅದಕ್ಕೇ ತಾನು ಅವನಿಗೆ ಏನೂ ಹೇಳಲು ಹೋಗುವುದಿಲ್ಲ ಎಂದ. ಕೋಚ್‌ಗಳ ಬಾಯಲ್ಲಿ ಅವರ ಹುಡುಗರೆಲ್ಲ ಬುದ್ಧಿವಂತರೇ. ನಾನು ನಂಬಲೂ ಇಲ್ಲ, ನಂಬದೆ ಇರಲು ಕಾರಣವೂ ಸಿಗಲಿಲ್ಲ.

ಭಾನುವಾರ ಬೆಳಿಗ್ಗೆ ವೆಂಡೆಲ್ ಚರ್ಚಿಗೆ ಹೋದ. ನಾನು ತಿಂಡಿಗೆಂದು ಊರಿನ ಹೋಟೆಲಿಗೆ ಹೋದೆ. ಕೌಂಟರಿನ ಮುಂದೆ ಸಾಲಾಗಿ ಸ್ಟೂಲುಗಳು. ಪಕ್ಕದಲ್ಲಿ ಕಿವಿ ಅಗಲವಾದ, ಸಾಧು ಮುಖದ ಹುಡುಗನೊಬ್ಬ ಪ್ಯಾನ್‌ಕೇಕ್ ತಿನ್ನುತ್ತಿದ್ದ. ಸಿರಪ್ಪಿನ ಜಗ್ ಈ ಕಡೆ ಕೊಡಪ್ಪಾ ಎಂದೆ. ಕೊಟ್ಟ. ಅಷ್ಟರಲ್ಲಿ ಅವನು ಕಾಫಿ ತುಂಬಿಸಿಕೊಳ್ಳಲು ಎದ್ದು ಹೋಗಿ ತಿರುಗಿದ. ಎಡಭುಜ ತಗ್ಗಿತು. ಇಡೀ ಚಳಿಗಾಲ ನೋಡಿದ ಹುಡುಗನ ಮುಖವನ್ನು ನಾನು ಅವತ್ತು ಮೊದಲ ಸಲ ನೋಡಿದ್ದು. ಅವನಿಗೆ ಮಾತ್ರ ನನ್ನ ಗುರುತು ಮೊದಲೇ ಹತ್ತಿತ್ತು. ಕಿತ್ತಳೆ ಟೋಪಿ ಕೌಂಟರಿನ ಮೇಲಿತ್ತು.

ನಾನು ಸುತ್ತಿ ಬಳಸಿ ಮಾತಾಡುವವಳಲ್ಲ. ಶುಕ್ರವಾರ ಒಂದು ಥರ, ಶನಿವಾರ ಒಂದು ಥರ ಯಾಕೆ ಆಡುತ್ತೀಯ ಎಂದು ಕೇಳಿದೆ. ಅವನು ಗುಟ್ಟು ಮಾಡಲಿಲ್ಲ. ಗುಟ್ಟು ಮಾಡಬೇಕಾದ ವಿಷಯ ಎಂದೇ ಅವನಿಗೆ ಅನಿಸಿರಲಿಲ್ಲ.

"ಶುಕ್ರವಾರ ನೀವು ಬರ್ತೀರ ಮೇಡಂ. ಶನಿವಾರ ಆ ಕೋಟಿನ ಸಾರ್ ಬರ್ತಾರೆ," ಎಂದ. "ನೀವು ಆಡ್ತಿದ್ದಾಗಿನ ವೀಡಿಯೊ ಎಲ್ಲ ಹುಡುಕಿ ನೋಡಿದೀನಿ. ನೀವು ಪಕ್ ಸಿಕ್ಕಿದ್ರೆ ಬಿಡ್ತಾನೇ ಇರಲಿಲ್ಲ, ನುಗ್ತಿದ್ರಿ. ನಿಮಗೆ ಅಂಥವರೇ ಇಷ್ಟ ಆಗ್ತಾರೆ ಅಂದ್ಕೊಂಡೆ. ಕೋಟಿನ ಸಾರ್ ಆಡೋದನ್ನ ನಮ್ಮ ಚಿಕ್ಕಪ್ಪ ನೋಡಿದಾರೆ. ಅವರು ಮಧ್ಯಗೆರೆ ದಾಟಿದ್ದೇ ಇಲ್ವಂತೆ."

ನಾವು ಬೆಂಚಿನ ಮೇಲೆ ಕೂತು ಇವನನ್ನು ಅಳೆಯುತ್ತಿದ್ದೇವೆ ಎಂದುಕೊಂಡಿದ್ದೆವು, ಇವನು ಕೆಳಗೆ ನಿಂತು ನಮ್ಮನ್ನು ಅಳೆದು ಮುಗಿಸಿದ್ದ. ನಗು ಬಂತು, ಅದರ ಹಿಂದೆಯೇ ಒಂಥರಾ ಹೆದರಿಕೆಯೂ ಬಂತು. ಈ ವಾರ ಇಬ್ಬರೂ ಒಟ್ಟಿಗೆ ಬಂದೆವಲ್ಲ, ಆಗೇನು ಮಾಡಿದೆ ಎಂದು ಕೇಳಿದೆ. ಬೆಂಚಿನಲ್ಲಿ ಇಬ್ಬರನ್ನೂ ನೋಡಿ ಕೈಕಾಲೇ ಆಡಲಿಲ್ಲವಂತೆ. ಕೊನೆಗೆ, ಶುಕ್ರವಾರ ನಿಮ್ಮ ದಿನ, ಶನಿವಾರ ಅವರ ದಿನ, ಹಾಗೇ ಇರಲಿ ಎಂದು ತೀರ್ಮಾನ ಮಾಡಿಕೊಂಡನಂತೆ. ಬೇರೆ ಊರುಗಳಲ್ಲಿ ನಾವಿಬ್ಬರೂ ಇಲ್ಲದಾಗ ಎಂದೆ. ಅಲ್ಲಿ ಬೇರೆ ಕ್ಲಬ್ಬಿನವರು ಯಾರಾದರೂ ಒಬ್ಬರು ಇದ್ದೇ ಇರುತ್ತಾರೆ ಮೇಡಂ, ಯಾರು ಬಂದಿದ್ದಾರೆ ಅಂತ ಮೊದಲು ನೋಡಿಕೊಳ್ಳುತ್ತೇನೆ ಎಂದ.

"ಸರಿ ಕಣಪ್ಪ. ನಿನಗೆ ಯಾವ ಆಟ ಇಷ್ಟ?"

ಅವನು ಪ್ಯಾನ್‌ಕೇಕನ್ನು ಚೂರು ಮಾಡಿದ, ಚೂರನ್ನು ಇನ್ನೂ ಚೂರು ಮಾಡಿದ. ಕಿವಿ ಕೆಂಪಾದವು. ಪರೀಕ್ಷೆಯಲ್ಲಿ ಪಾಠದ ಹೊರಗಿನ ಪ್ರಶ್ನೆ ಬಂದವನ ಹಾಗೆ ನನ್ನ ಮುಖವನ್ನೇ ನೋಡಿದ, ಉತ್ತರ ಅಲ್ಲೇ ಎಲ್ಲೋ ಬರೆದಿರಬಹುದು ಎಂಬಂತೆ. ನನಗೆ ಆಗ ಅವನ ಮೇಲೆ ವಿಪರೀತ ಮರುಕ ಬಂತು. ಮರುಕ ಬಂದಾಗಲೇ ನಾನು ಎಡವಟ್ಟು ಮಾಡುವುದು.

ಇವತ್ತಿನ ಮೂರನೇ ಪಂದ್ಯಕ್ಕೆ ನಾವಿಬ್ಬರೂ ಬರುವುದಿಲ್ಲ ಎಂದು ಹೇಳಿಬಿಟ್ಟೆ. ಮಧ್ಯಾಹ್ನವೇ ಊರು ಬಿಡುತ್ತೇವೆ, ಬೆಂಚು ಖಾಲಿ ಇರುತ್ತದೆ, ನಿನಗೆ ಬೇಕಾದ ಹಾಗೆ ಆಡು ಎಂದೆ. ಸುಳ್ಳು. ಯಾರಿಗೂ ಆಡಿ ತೋರಿಸಬೇಕಾಗಿಲ್ಲದಾಗ ಹೊರಗೆ ಬರುತ್ತದಲ್ಲ, ಅದೇ ಈ ಹುಡುಗನ ಸ್ವಂತ ಆಟ, ಅದನ್ನು ನೋಡಿದರೆ ನಮ್ಮ ಜಗಳ ಮುಗಿಯುತ್ತದೆ ಎಂದು ನನ್ನ ಲೆಕ್ಕ. ಒಳ್ಳೆಯದನ್ನೇ ಮಾಡುತ್ತಿದ್ದೇನೆ ಎಂದು ನಂಬಿದ್ದೆ. ಅವನು ಥ್ಯಾಂಕ್ಸ್ ಮೇಡಂ ಎಂದ. ಅರ್ಧ ತಿಂದ ತಟ್ಟೆ ಬಿಟ್ಟು ಎದ್ದು ಹೋದ.

ವೆಂಡೆಲ್‌ಗೆ ಎಲ್ಲ ಹೇಳಿದಾಗ ಅವನು ನಗಲಿಲ್ಲ. ಚರ್ಚಿನ ಮುಂದೆ, ಗಾಡಿಯ ಬಾಗಿಲಿಗೆ ಒರಗಿ ನಿಂತುಕೊಂಡ.

"ನನಗೋಸ್ಕರ ಹಂಗೆ ಆಡ್ತಿದ್ನಾ?" ಎಂದ. "ನನ್ನ ಆಟ ನನಗೇ ನೋಡಕ್ಕಾಗ್ತಿರಲಿಲ್ಲ ಕಣಮ್ಮ. ಇವನನ್ನ ನೋಡಿದಾಗೆಲ್ಲ ಅದೇ ಕಣ್ಣಿಗೆ ಬಂದು ಮೈ ಉರೀತಿತ್ತು. ನಾನು ಹುಡುಕ್ತಾ ಇದ್ದಿದ್ದು ಶುಕ್ರವಾರದವನನ್ನ."

ಇಲ್ಲಿಗೆ ಗೊಂದಲಕ್ಕೆ ಕಳಸ ಇಟ್ಟ ಹಾಗಾಯಿತು. ಹುಡುಗ ನನ್ನನ್ನು ಸರಿಯಾಗಿ ಓದಿದ್ದ, ವೆಂಡೆಲ್‌ನನ್ನು ತಪ್ಪಾಗಿ ಓದಿದ್ದ. ಮನುಷ್ಯ ಜೀವಮಾನವೆಲ್ಲ ಮಾಡಿದ್ದನ್ನು ಇಷ್ಟಪಟ್ಟೇ ಮಾಡಿರುತ್ತಾನೆ ಎಂದುಕೊಂಡಿದ್ದ. ಆ ವಯಸ್ಸಿನಲ್ಲಿ ಯಾರಾದರೂ ಹಾಗೇ ಅಂದುಕೊಳ್ಳುತ್ತಾರೆ.

ಸಂಜೆ ಪಂದ್ಯಕ್ಕೆ ನಾವು ಕದ್ದು ಒಳಗೆ ಹೋದೆವು. ಮಂಜಿನ ನೆಲ ನಯ ಮಾಡುವ ಗಾಡಿ ನಿಲ್ಲಿಸುವ ಶೆಡ್ಡಿನ ಬಾಗಿಲಲ್ಲಿ ಒಂದು ಗಾಜಿನ ಕಿಂಡಿ ಇದೆ. ಗಾಡಿಯವನ ಕಾಲು ಕೈ ಹಿಡಿದು ಅದರ ಹಿಂದೆ ನಿಂತುಕೊಂಡೆವು. ಡೀಸೆಲ್ ವಾಸನೆ, ಒದ್ದೆ ರಬ್ಬರಿನ ವಾಸನೆ. ಇಬ್ಬರ ವಯಸ್ಸು ಸೇರಿಸಿದರೆ ನೂರು ದಾಟುತ್ತದೆ, ಶಾಲೆಗೆ ಚಕ್ಕರ್ ಹೊಡೆದ ಮಕ್ಕಳಂತೆ ಅಡಗಿ ನಿಂತಿದ್ದೆವು.

ರಾಂತಲ ಮಂಜಿನ ಮೇಲೆ ಇಳಿದವನೇ ಗಡಿಯಾರದ ಕಡೆ ತಲೆ ಎತ್ತಿದ. ಬೆಂಚು ಖಾಲಿ. ಆಟ ಶುರುವಾಯಿತು. ನಾನು ಕಿಂಡಿಗೆ ಮೂಗು ಒತ್ತಿ ಕಾದೆ. ಈಗ ಬರುತ್ತದೆ ಅವನ ಆಟ, ಈಗ ಬರುತ್ತದೆ. ಏನೂ ಬರಲಿಲ್ಲ. ಪಕ್ ಸಿಕ್ಕಿದರೆ ಎರಡು ಹೆಜ್ಜೆ ಮುಂದಕ್ಕೆ ಹೋಗಿ ನಿಲ್ಲುತ್ತಿದ್ದ, ಹಿಂದಕ್ಕೆ ಬಂದು ಮತ್ತೆ ನಿಲ್ಲುತ್ತಿದ್ದ. ಪ್ರತಿ ಸಲವೂ ತಲೆ ಆ ಬೆಂಚಿನ ಕಡೆ ತಿರುಗುತ್ತಿತ್ತು. ಸಂತೆಯಲ್ಲಿ ಅಮ್ಮನ ಕೈ ಬಿಟ್ಟುಹೋದ ಮಗುವಿನ ಹಾಗೆ ಕಂಡ. ಮೊದಲ ಅವಧಿ ಮುಗಿಯುವ ಮೊದಲು, ಪಕ್ ಅವನ ಸ್ಟಿಕ್ಕಿನಲ್ಲೇ ಇತ್ತು, ಎದುರಾಳಿ ಎದುರಿಗೇ ಬರುತ್ತಿದ್ದ. ಇವನು ತಲೆ ಎತ್ತಿ ಮೇಲೆ ನೋಡಿದ. ಎದುರಾಳಿ ಅದನ್ನು ಎಗರಿಸಿಕೊಂಡು ಹೋಗಿ ಆರಾಮಾಗಿ ಗೋಲು ಹೊಡೆದ.

ಆ ಗೋಲು ನನ್ನದು. ದಾಖಲೆಯಲ್ಲಿ ಯಾರ ಹೆಸರಾದರೂ ಇರಲಿ, ಅದನ್ನು ಹೊಡೆದವಳು ನಾನೇ.

ವಿರಾಮದಲ್ಲಿ ಕೋಚ್ ಅವನ ಹೆಗಲು ಹಿಡಿದು, ಜಾಲರಿಗೆ ಬಾಯಿ ತಾಗುವಷ್ಟು ಹತ್ತಿರ ಬಂದು ಏನೋ ಹೇಳಿದ. ಏನು ಹೇಳಿದನೆಂದು ಕೇಳಿಸದಿದ್ದರೂ ಮುಂದೆ ಕಣ್ಣಿಗೆ ಕಂಡಿತು. ಹಿಂದೆ ನಿಲ್ಲು ಎಂದಿದ್ದ. ರಾಂತಲ ನಿಂತ. ಒಂದು ಸಲವೂ ಪಕ್ ಅವನನ್ನು ದಾಟಿ ಹೋಗಲಿಲ್ಲ. ಕೊನೆಗೆ ಒಂದು ಗೋಲು ಬೇಕೇ ಬೇಕಾದಾಗ ಕೋಚ್ ಕೈ ಬೀಸಿ ಮುಂದಕ್ಕೆ ಹೋಗು ಎಂದ. ಹೋದ. ನಿಲ್ಲು ಅಂದಾಗ ಎಷ್ಟು ಚೆನ್ನಾಗಿ ನಿಂತಿದ್ದನೋ ಹೋಗು ಅಂದಾಗ ಅಷ್ಟೇ ಚೆನ್ನಾಗಿ ಹೋದ, ಹೊಡೆದ ಹೊಡೆತ ಗೋಲಿನ ಕಂಬಕ್ಕೆ ತಾಗಿ ಹೊರಗೆ ಹಾರಿತು. ಟಾಮರಾಕ್ ಆ ಒಂದು ಗೋಲಿನಿಂದ ಸೋತಿತು. ಹುಡುಗರು ಮಂಜಿನ ಮೇಲೆ ಮೊಣಕಾಲೂರಿ ಕೂತರು.

ವೆಂಡೆಲ್ ಶೆಡ್ಡಿನಲ್ಲೇ ಪ್ರೂಯಿಟ್‌ಗೆ ಫೋನು ಮಾಡಿದ. ನಾನು ಬೇಡ ಎನ್ನುತ್ತಾನೆ ಎಂದುಕೊಂಡಿದ್ದೆ. ಅವನು ಬೇಕು ಎಂದ. ಇಂಥವನು ಸಿಗುವುದು ಕಷ್ಟ, ತಕ್ಷಣ ಕರೆದುಕೊಳ್ಳಿ ಎಂದ. ಆಮೇಲೆ ಫೋನಿಗೆ ಕೈ ಅಡ್ಡ ಹಿಡಿದು ನನ್ನ ಕಡೆ ತಿರುಗಿದ.

"ಹಂಗ್ಯಾಕೆ ನೋಡ್ತೀಯ? ನಿಲ್ಲು ಅಂದ್ರು, ನಾನು ನಿಂತೆ. ಅದರಲ್ಲೇ ಮನೆ ಕಟ್ಟಿದೆ, ಮಕ್ಕಳನ್ನ ಓದಿಸಿದೆ. ದೊಡ್ಡ ಆಟದಲ್ಲಿ ನಿನ್ನಿಷ್ಟ ಏನಪ್ಪಾ ಅಂತ ಯಾರು ಕೇಳ್ತಾರೆ? ಇವನಿಗೆ ಎರಡೂ ಬರುತ್ತೆ, ಹೇಳಿದ್ದು ಕೇಳ್ತಾನೆ. ನನಗಿಂತ ಬಹಳ ದಿನ ಉಳ್ಕೋತಾನೆ."

ಅವನು ಹೇಳಿದ ಪ್ರತಿ ಮಾತೂ ಸರಿಯಾಗಿತ್ತು, ಆದರೂ ನನಗೆ ಅಳು ಬರುವಂತಾಯಿತು. ಶುಕ್ರವಾರದ ಆ ಕುಣಿತ ಕಂಡು ನಾನು ಮನಸೋತಿದ್ದೆನಲ್ಲ, ಅದು ಹುಡುಗನ ಖುಷಿ ಎಂದುಕೊಂಡಿದ್ದೆ. ಅದು ನನ್ನದೇ ಹಳೆಯ ವೀಡಿಯೊ. ಪ್ರೂಯಿಟ್ ನನ್ನ ಬಾಯಿಂದಲೂ ಕೇಳಬೇಕೆಂದ. ಬೇಡ ಎಂದರೆ ಅವನು ನಾಳೆಯಿಂದ ಪೈಪು ಇಳಿಸುತ್ತಾನೆ. ಅಲ್ಲಿಯಾದರೂ ಅವನು ಅವನಾಗಿರುತ್ತಾನೆಯೇ? ಅಲ್ಲೂ ಚಿಕ್ಕಪ್ಪನ ಮುಖ ನೋಡಿಕೊಂಡೇ ಇರುತ್ತಾನೋ ಏನೋ. ಅವನಿಗೆ ಯಾವುದು ಒಳ್ಳೆಯದು ಎಂದು ನನಗೆ ಆಗಲೂ ಗೊತ್ತಾಗಲಿಲ್ಲ, ಈಗಲೂ ಗೊತ್ತಿಲ್ಲ. ಹೂಂ, ಬೇಕು ಎಂದೆ.

ಹುಡುಗರೆಲ್ಲ ಹೋದ ಮೇಲೆ ರಾಂತಲ ಡ್ರೆಸ್ಸಿಂಗ್ ರೂಮಿನಿಂದ ಹೊರಗೆ ಬಂದ. ತಲೆ ಒದ್ದೆ, ಕಣ್ಣು ಊದಿಕೊಂಡಿದ್ದವು. ನನ್ನನ್ನು ಕಂಡು ನಿಂತ. ನೀವು ಊರಿಗೆ ಹೋಗಲಿಲ್ಲವಾ ಎಂದ. ಹೋಗಲಿಲ್ಲ, ಪೂರ್ತಿ ನೋಡಿದೆ, ಸುಳ್ಳು ಹೇಳಿದ್ದು ತಪ್ಪಾಯಿತು ಎಂದೆ. ಅವನ ಮುಖ ಬಿಳುಚಿತು. ಆ ಗೋಲು ನೋಡಿದೆನೆಂದು ಗೊತ್ತಾಯಿತಲ್ಲ. ಅವನನ್ನು ಇನ್ನೂ ಸುಡುವುದು ಬೇಡವೆಂದು, ಕ್ಲಬ್ ನಿನ್ನನ್ನು ಕರೆದುಕೊಳ್ಳುತ್ತಿದೆ, ನಾಳೆ ಫೋನು ಬರುತ್ತದೆ ಎಂದು ಒಂದೇ ಉಸಿರಿಗೆ ಹೇಳಿದೆ.

ಅವನಿಗೆ ನಂಬಲು ಸ್ವಲ್ಪ ಹೊತ್ತು ಹಿಡಿಯಿತು. ಆಮೇಲೆ ಗೋಡೆಗೆ ಒರಗಿ ಎರಡು ಕೈಯಲ್ಲೂ ಮುಖ ಮುಚ್ಚಿಕೊಂಡ. ಅತ್ತನೋ ನಕ್ಕನೋ ತಿಳಿಯಲಿಲ್ಲ. ನಾನು ಅವನ ಬೆನ್ನು ಸವರಿದೆ. ಕೈ ತೆಗೆದಾಗ ಅವನ ಮುಖದಲ್ಲಿ ಎಷ್ಟು ಸಂತೋಷವಿತ್ತೆಂದರೆ ನನ್ನ ಸಂಕಟ ನನಗೇ ಸಣ್ಣದೆನಿಸಿತು. ಬ್ಯಾಗು ಹೆಗಲಿಗೆ ಏರಿಸಿಕೊಂಡ, ನನ್ನ ಹತ್ತಿರ ಬಂದ, ದನಿ ತಗ್ಗಿಸಿದ.

"ಮೇಡಂ, ನಿಮ್ಮ ಕ್ಲಬ್ಬಿನ ಕೋಚ್‌ಗೆ ಯಾವ ಥರ ಆಡಿದ್ರೆ ಇಷ್ಟ?"

ನನಗೆ ಗೊತ್ತಿತ್ತು. ಅವನು ಕಣ್ಣು ಮಿಟುಕಿಸದೆ ಕೇಳಿಸಿಕೊಳ್ಳುತ್ತಿದ್ದ, ನಾನು ಒಂದೊಂದಾಗಿ ಎಲ್ಲ ಹೇಳಿಕೊಟ್ಟೆ.